ಬಡಿಗನ ಒಳಗೆಲಸ



ಮನೆಯ ಬಾಗಿಲನ್ನು ನಾವು ದಿವಸಕ್ಕೆ ಎಷ್ಟೋ ಸಾರಿ ತೆರೆದು ಮುಚ್ಚುತ್ತೇವೆ. ಅದರ ಮರವು ಸಾಗುವಾನಿಯೋ ಮತ್ತಿಯೋ ಎಂದು ವಿಚಾರಿಸುತ್ತೇವೆ, ಬಣ್ಣವು ಹೊಳೆಯುತ್ತದೋ ಎಂದು ನೋಡುತ್ತೇವೆ, ಬೆಲೆಯನ್ನಂತೂ ನೆರೆಹೊರೆಯವರಿಗೆಲ್ಲಾ ಹೇಳುತ್ತೇವೆ. ಆದರೆ ಚೌಕಟ್ಟಿನ ಮೂಲೆಯಲ್ಲಿ ಒಂದು ಮರವು ಇನ್ನೊಂದರೊಳಗೆ ಹೊಕ್ಕಿರುವ ಸ್ಥಳದಲ್ಲಿ ಏನಿದೆ ಎಂಬದನ್ನು ಕಂಡವರು ನಮ್ಮಲ್ಲಿ ಯಾರೂ ಇಲ್ಲ. ಕಂಡವನು ಬಡಿಗನೊಬ್ಬನೇ, ಕೊಡತಿಯ ಕಡೆಯ ಪೆಟ್ಟು ಬಿದ್ದ ಮೇಲೆ ಅವನೂ ಕಾಣಲಾರನು. ಹೀಗಿರಲಾಗಿ ಒಂದು ಪ್ರಶ್ನೆ ಹುಟ್ಟುತ್ತದೆ. ಯಾರೂ ಕಾಣದಂತೆ ಮುಚ್ಚಿಹೋಗುವ ಕೆಲಸವನ್ನು ಕೆಡಿಸಿದವನು ಯಾರಿಗೆ ಅನ್ಯಾಯ ಮಾಡಿದನು? ಕೊಂಡವನು ಸಂತೋಷದಿಂದ ಹಣ ಕೊಟ್ಟನು, ಬಾಗಿಲು ನಿಂತಿತು, ಬಡಿಗನ ಮಕ್ಕಳು ಉಂಡರು. ಪಾಪವು ಎಲ್ಲಿದೆ? ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ಸೀಮೆಗಳಲ್ಲಿ ಮರಗೆಲಸವನ್ನು ಮಾಡದ ಮನೆಗಳು ಬಹಳ, ಮಾಡಿಸದ ಮನೆಯು ಒಂದೂ ಇಲ್ಲ. ಆದದರಿಂದ ಈ ಪ್ರಶ್ನೆಯು ಬಡಿಗರಿಗೆ ಮಾತ್ರ ಸೇರಿದ್ದೆಂದು ಯಾರೂ ಪುಟವನ್ನು ತಿರುವಿಹಾಕಬಾರದು.

ಮೊದಲು ಕೆಲಸವು ಹೇಗೆ ನಡೆಯುತ್ತದೆಂಬದನ್ನು ತಿಳಿಯದವರಿಗಾಗಿ ಹೇಳುತ್ತೇವೆ. ಎರಡು ಮರಗಳನ್ನು ಮೂಲೆಗೂಡಿಸುವಾಗ ಒಂದರ ಕೊನೆಯನ್ನು ಎರಡು ಮಗ್ಗುಲಿಂದಲೂ ಗರಗಸದಿಂದ ಇಳಿಸಿ ನಾಲಗೆಯಂತೆ ಮಾಡುತ್ತಾರೆ. ಇನ್ನೊಂದರಲ್ಲಿ ಆ ನಾಲಗೆಗೆ ಸರಿಯಾದ ಬಾಯಿಯನ್ನು ಉಳಿಯಿಂದ ತೆಗೆಯುತ್ತಾರೆ. ನಾಲಗೆಯು ಮರದ ದಪ್ಪದಲ್ಲಿ ಸುಮಾರು ಮೂರರಲ್ಲೊಂದು ಪಾಲು ಇರತಕ್ಕದ್ದು. ಅದಕ್ಕಿಂತ ಬಹಳ ತೆಳ್ಳಗಾದರೆ ನಾಲಗೆ ಮುರಿಯುತ್ತದೆ, ಬಹಳ ದಪ್ಪಗಾದರೆ ಬಾಯಿಯ ತುಟಿಗಳು ಸೀಳುತ್ತವೆ. ಬಾಯಿಯನ್ನು ಒಂದೇ ಕಡೆಯಿಂದ ಕೊರೆದು ಆಚೆಗೆ ತೂರಿಸಿದರೆ ಆ ಬದಿಯಲ್ಲಿ ಮರವು ಚಕ್ಕೆಯೆದ್ದು ಹೋಗುವದರಿಂದ, ಬಲ್ಲ ಬಡಿಗನು ಎರಡು ಬದಿಗೂ ಗೆರೆ ಹಾಕಿ, ಈ ಕಡೆಯಿಂದ ಅರ್ಧ, ಆ ಕಡೆಯಿಂದ ಅರ್ಧ ಕೊರೆದು ನಡುವೆ ಕೂಡಿಸುತ್ತಾನೆ. ಮೂಲೆಮಟ್ಟವನ್ನಿಟ್ಟು ಗೆರೆಯನ್ನು ಸೀಸದ ಕಡ್ಡಿಯಿಂದ ಎಳೆಯದೆ ಚೂರಿಯ ಮೊನೆಯಿಂದ ಎಳೆಯುತ್ತಾನೆ. ಸೀಸದ ಗೆರೆಗೆ ದಪ್ಪವುಂಟು, ಚೂರಿಯ ಗೆರೆಗೆ ಇಲ್ಲ. ನಾಲಗೆಯನ್ನು ಬಾಯಿಗಿಟ್ಟಾಗ ಅದು ತನ್ನ ಭಾರದಿಂದಲೇ ಜಾರಿ ಬೀಳಬಾರದು, ಜಜ್ಜಿ ಹೊಗಿಸುವಂತೆಯೂ ಇರಬಾರದು. ನಾಲ್ಕಾರು ಹಗುರವಾದ ಪೆಟ್ಟುಗಳಿಗೆ ಒಳಗೆ ಹೋಗಬೇಕು. ಆ ಮೇಲೆ ಬೈರಿಗೆಯಿಂದ ಅಡ್ಡಲಾಗಿ ತೂತು ಕೊರೆದು ಮರದ ಮೊಳೆಯನ್ನು ಬಡಿಯುತ್ತಾರೆ. ಇದರಲ್ಲಿ ಒಂದು ಜಾಣತನವುಂಟು. ನಾಲಗೆಯ ತೂತನ್ನು ಬಾಯಿಯ ತೂತಿಗೆ ನೇರವಾಗಿ ಮಾಡದೆ ಅರ್ಧ ನೂಲಿನಷ್ಟು ನಾಲಗೆಯ ಬುಡದ ಕಡೆಗೆ ಸರಿಸಿ ಮಾಡಿದರೆ, ಮೊಳೆಯು ಹೊಕ್ಕಾಗ ತಾನೇ ನಾಲಗೆಯನ್ನು ಒಳಕ್ಕೆ ಎಳೆದು ಬಿಗಿಯುತ್ತದೆ. ಇಂಥ ಜೋಡಣೆಗೆ ಅಂಟು ಬೇಡ, ಕಬ್ಬಿಣವೂ ಬೇಡ. ಅಜ್ಜನು ಕೂಡಿಸಿದ ಚೌಕಟ್ಟಿನೊಳಗೆ ಮೊಮ್ಮಗನ ಮದುವೆಯ ದಿಬ್ಬಣ ಹೊಕ್ಕದ್ದನ್ನು ನಾವು ಕಂಡಿದ್ದೇವೆ.

ಇಷ್ಟು ಮಾಡಿದರೂ ಮರವು ಹಸಿಯಾಗಿದ್ದರೆ ಎಲ್ಲವೂ ವ್ಯರ್ಥ. ಮರವು ಒಣಗುವಾಗ ಉದ್ದದಲ್ಲಿ ಹೆಚ್ಚುಕಡಿಮೆ ಕುಗ್ಗುವದೇ ಇಲ್ಲ, ಅಗಲದಲ್ಲಿಯೂ ದಪ್ಪದಲ್ಲಿಯೂ ಕುಗ್ಗುತ್ತದೆ. ಮಳೆಗಾಲದಲ್ಲಿ ಹಸಿ ಮರದಿಂದ ಮಾಡಿದ ಬಾಗಿಲು ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿ ತುಂಬಿಬರುವ ಬಿಸಿಲುಗಾಲದಲ್ಲಿ ಸೊರಗಿ, ನಾಲಗೆಯು ಬಾಯಿಯೊಳಗೆ ಹಲ್ಲು ಬಿದ್ದ ಮುದುಕನ ಮಾತಿನಂತೆ ಆಡತೊಡಗುವದು. ಆದದರಿಂದಲೇ ಹಿಂದಿನವರು ಕೊಯ್ದ ಹಲಗೆಗಳ ನಡುವೆ ಪಟ್ಟಿಗಳನ್ನಿಟ್ಟು ಗಾಳಿಯಾಡುವ ನೆರಳಿನಲ್ಲಿ ಒಟ್ಟಿ, ವರುಷಗಟ್ಟಲೆ ಕಾಯುತ್ತಿದ್ದರು.

ಇನ್ನು ಕಳ್ಳ ಜೋಡಣೆಯ ಸಂಗತಿ. ಬಾಯಿಯನ್ನು ಅರ್ಧಕ್ಕೆ ನಿಲ್ಲಿಸಿ ನಾಲಗೆಯನ್ನು ಮೊಟಕುಮಾಡುವರು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಸಡಿಲವಾದಲ್ಲಿ ಚಕ್ಕೆಗಳನ್ನು ತುರುಕುವರು. ಬಿರುಕಿಗೆ ಗರಗಸದ ಹೊಟ್ಟನ್ನು ಅಂಟಿನಲ್ಲಿ ಕಲಸಿ ತುಂಬಿ, ಉಜ್ಜಿ, ಮೇಲೆ ಬಣ್ಣವನ್ನೋ ಅರಗಿನ ಮೆರುಗನ್ನೋ ಬಳಿಯುವರು. ಎರಡು ಮೊಳೆಗಳನ್ನು ಓರೆಯಾಗಿ ಹೊಡೆದು ಅವುಗಳ ತಲೆಗಳನ್ನು ಮೇಣದಿಂದ ಮುಚ್ಚುವರು. ಬಂಡಿಯ ಗಾಲಿಯಲ್ಲಿಯೂ ಹೀಗೆಯೇ ನಡೆಯುತ್ತಿತ್ತು. ಜಾಲಿಯ ನಡುಗುಂಬದೊಳಗೆ ಅರೆಕಾಲುಗಳ ನಾಲಗೆಗಳು ಹೊಗುತ್ತವೆ, ಅವುಗಳ ಆಚೆಯ ಕೊನೆಗಳು ಸುತ್ತಿನ ಮರದೊಳಗೆ. ಎಲ್ಲದರ ಮೇಲೆ ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಸಿದ ಕಬ್ಬಿಣದ ಹಳಿಯನ್ನು ತೊಡಿಸಿ ನೀರು ಸುರಿದರೆ ಅದು ಕುಗ್ಗಿ ಗಾಲಿಯನ್ನು ಹಿಡಿಯುತ್ತದೆ. ಹಳಿಯು ಒಳ್ಳೆಯ ಜೋಡಣೆಯನ್ನು ಬಿಗಿಯುತ್ತದೆ. ಕೆಟ್ಟದ್ದನ್ನು ಒಂದೆರಡು ಬೇಸಿಗೆಗಳ ವರೆಗೆ ಮುಚ್ಚುತ್ತದೆ. ಆ ಬೇಸಿಗೆಗಳು ಕಳೆಯುವಷ್ಟರಲ್ಲಿ ಹಣವು ಖರ್ಚಾಗಿರುತ್ತದೆ.

ಇಂಥ ಬಡಿಗನನ್ನು ಕೇಳಿದರೆ, ನಾನು ಸುಳ್ಳು ಹೇಳಲಿಲ್ಲ, ಒಳಗೆ ಹೇಗಿದೆಯೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ ಎನ್ನುವನು. ಈ ಉತ್ತರವು ತೋರುವಷ್ಟು ಹುಚ್ಚು ಉತ್ತರವಲ್ಲ. ಪೇಟೆಯಲ್ಲಿ ಮಾರುವವನು ತನ್ನ ಸರಕಿನ ಪ್ರತಿಯೊಂದು ಕುಂದನ್ನೂ ಕೂಗಿ ಹೇಳಬೇಕೆಂಬ ನಿಯಮವುಂಟೋ? ಕೋಣನಿಗೆ ವಯಸ್ಸಾಗಿದೆ ಎಂಬದನ್ನು ಅದರ ಹಲ್ಲು ನೋಡಿ ಕೊಳ್ಳುವವನು ತಿಳುಕೊಳ್ಳಲಿ ಎಂದು ನಮ್ಮ ರೈತರೂ ಅನ್ನುತ್ತಾರಷ್ಟೆ. ಆದರೆ ವ್ಯತ್ಯಾಸವು ಇಲ್ಲಿಯೇ ಇದೆ. ಕೋಣನ ಬಾಯಿಯನ್ನು ತೆರೆದು ನೋಡಬಹುದು, ಚೌಕಟ್ಟಿನ ಬಾಯಿಯನ್ನು ತೆರೆದು ನೋಡಲಾಗದು. ಬಡಿಗನು ಮೌನವಾಗಿದ್ದದ್ದು ಮಾತ್ರವಲ್ಲ. ಅವನು ಹೊಟ್ಟನ್ನು ತುಂಬಿ, ಉಜ್ಜಿ, ಬಣ್ಣ ಬಳಿದನು. ಆ ಬಣ್ಣವೇ ಅವನ ಪರವಾಗಿ ಮಾತಾಡಿ, ಇಲ್ಲಿ ಮರವು ಮರವನ್ನು ಸೇರಿದೆ ಎಂದು ಸಾಕ್ಷಿ ಹೇಳಿತು. ಮೆಣಸಿನಕಾಯಿಯ ಚೀಲಕ್ಕೆ ತೂಕ ಹೆಚ್ಚಲೆಂದು ನೀರು ಚಿಮುಕಿಸುವವನೂ ತುಟಿ ಬಿಚ್ಚುವದಿಲ್ಲ. ಅವನ ಪರವಾಗಿ ತಕ್ಕಡಿಯು ಸುಳ್ಳು ಹೇಳುತ್ತದೆ. ಯಾಜಕಕಾಂಡದ 19ನೇ ಅಧ್ಯಾಯದಲ್ಲಿ ಅಳತೆಯನ್ನೂ ತೂಕವನ್ನೂ ಕುರಿತು ದೇವರು ಕೊಟ್ಟ ಕಟ್ಟಳೆಯನ್ನು ಓದಿನೋಡಿರಿ. ಮೋಸದ ತಕ್ಕಡಿಯನ್ನು ಹಿಡಿದವನು ಬಾಯಿಂದ ಏನು ಹೇಳಿದನೆಂದು ಅಲ್ಲಿ ವಿಚಾರಣೆಯೇ ಇಲ್ಲ. ಯೆಹೆಜ್ಕೇಲನು ತನ್ನ 13ನೇ ಅಧ್ಯಾಯದಲ್ಲಿ ಬಡಕಲು ಗೋಡೆಗೆ ಸುಣ್ಣ ಬಳಿಯುವವರನ್ನು ಗದರಿಸುವಾಗಲೂ ಹೀಗೆಯೇ.

ಪೂರ್ವದಲ್ಲಿ ಈ ಪ್ರಶ್ನೆಯು ಇಷ್ಟು ಕಠಿಣವಾಗಿರಲಿಲ್ಲವೆಂದು ನಾವು ನೆನಸುತ್ತೇವೆ. ನಮ್ಮ ಸೀಮೆಯ ಊರುಗಳಲ್ಲಿ ಬಡಿಗನು ಆಯಗಾರರಲ್ಲಿ ಒಬ್ಬನಾಗಿದ್ದನು. ರಂಟೆ, ಕುಂಟೆ, ಕೂರಿಗೆ, ಬಂಡಿ ಇವುಗಳನ್ನು ವರುಷವೆಲ್ಲಾ ಮಾಡಿ ತಿದ್ದಿಕೊಡುವನು; ರಾಶಿಯ ಕಾಲದಲ್ಲಿ ಕಣಕ್ಕೆ ಬಂದು ತನ್ನ ಪಾಲಿನ ಕಾಳನ್ನು ಒಯ್ಯುವನು. ಅವನು ಕುಂಟೆಯನ್ನು ಸಡಿಲವಾಗಿ ಕೂಡಿಸಿದರೆ ಅದನ್ನು ಪುಕ್ಕಟೆಯಾಗಿ ತಿದ್ದುವ ಭಾರವು ಅವನ ಮೇಲೆಯೇ ಬೀಳುತ್ತಿತ್ತು. ಕೂರಿಗೆಯಂತೂ ಬಹಳ ನಿಷ್ಠುರವಾದ ಸಾಕ್ಷಿ. ಅದರ ದಿಂಡಿನಲ್ಲಿ ತಾಳುಗಳ ಬಾಯಿಗಳು ಒಂದೇ ಅಂತರದಲ್ಲಿರಬೇಕು, ಮೇಲಿನ ಬಟ್ಟಲಿನ ತೂತುಗಳು ಒಂದೇ ಅಳತೆಯಲ್ಲಿರಬೇಕು. ಒಂದು ತೂತು ಕಿರಿದಾದರೆ ಆ ತಾಳಿನಲ್ಲಿ ಕಾಳು ತಡೆದು ಇಳಿಯುವದು. ಬಿತ್ತುವ ದಿವಸ ಮಣ್ಣು ಅದನ್ನು ಮುಚ್ಚುತ್ತದೆ. ಜೋಳವು ಮೊಳೆತೆದ್ದ ಮುಂಜಾನೆ ಹೊಲದ ಈ ತುದಿಯಿಂದ ಆ ತುದಿಯ ವರೆಗೆ ಬೋಳು ಸಾಲು ಎದ್ದು ನಿಂತು, ಆಚೆಯ ದಾರಿಯಲ್ಲಿ ಸಂತೆಗೆ ಹೋಗುವವರಿಗೆಲ್ಲಾ ಬಡಿಗನ ಹೆಸರನ್ನು ಹೇಳುತ್ತದೆ. ಇಂಥ ಕಾವಲಿನ ಕೆಳಗೆ ಪ್ರಾಮಾಣಿಕನಾಗಿರುವದು ಸುಲಭ. ಆ ಆಯದ ಪದ್ಧತಿಯನ್ನು ಹೊಗಳುವದಕ್ಕೆ ನಾವು ಇದನ್ನು ಬರೆಯುವದಿಲ್ಲ. ನಮ್ಮ ಅಜ್ಜಂದಿರಲ್ಲಿ ಅನೇಕರು ಅದೇ ಕಣದ ಹೊರಗೆ ನಿಂತು, ಎಲ್ಲರ ಪಾಲು ಮುಗಿದ ಮೇಲೆ ಉಳಿದ ಕಾಳನ್ನು ಸೆರಗೊಡ್ಡಿ ತಕ್ಕೊಂಡವರು. ಆದರೆ ಅದು ಹೋದ ಮೇಲೆ ಕೆಲಸವು ರೊಕ್ಕದ ಕೆಲಸವಾಯಿತು. ಈಗ ಹೊಲಗಳಲ್ಲಿ ಟ್ರ್ಯಾಕ್ಟರಿನ ಹಿಂದೆ ಕಬ್ಬಿಣದ ಕೂರಿಗೆ ಓಡುತ್ತದೆ, ಬಂಡಿಗೆ ರಬ್ಬರಿನ ಗಾಲಿ ಬಂದಿದೆ, ಬಡಿಗನ ಕೈಯಲ್ಲಿ ಉಳಿದದ್ದು ಬಾಗಿಲು, ಕಿಡಕಿ, ಮಂಚ, ಕಪಾಟುಗಳೇ. ರಾಣೆಬೆನ್ನೂರಿನಲ್ಲಿ ಮಾಡಿದ ಮಂಚವು ಲಾರಿಯಲ್ಲಿ ಹುಬ್ಬಳ್ಳಿಗೆ ಹೋದರೆ ಅದರ ಕಾಲು ಅಲುಗಾಡಿದ ಸುದ್ದಿಯು ಹಿಂದಕ್ಕೆ ಬರುವದಿಲ್ಲ. ಊರಿನ ಕಣ್ಣು ತಪ್ಪಿದಲ್ಲಿ ಒಳಗೆಲಸವನ್ನು ಕಾಯುವವರು ಯಾರು?

ವಿಮೋಚನಕಾಂಡವನ್ನು ಓದುವಾಗ ದೇವದರ್ಶನದ ಗುಡಾರದ ಅಳತೆಗಳು ಬಂದ ಕೂಡಲೆ ನಾವು ಬೇಗಬೇಗನೆ ದಾಟಿಹೋಗುತ್ತೇವೆ. ಬಡಿಗನು ದಾಟಲಾರನು. 26ನೇ ಅಧ್ಯಾಯದ ಪ್ರಕಾರ ಆ ಗುಡಾರದ ಹಲಗೆಗಳು ಹತ್ತು ಮೊಳ ಉದ್ದ, ಒಂದೂವರೆ ಮೊಳ ಅಗಲ. ಒಟ್ಟು 48 ಹಲಗೆಗಳು. ಪ್ರತಿಯೊಂದಕ್ಕೆ ಎರಡೆರಡು ನಾಲಗೆಗಳಂತೆ 96. ಇಬ್ರಿಯ ಭಾಷೆಯಲ್ಲಿ ಅವುಗಳಿಗೆ ಕೈ ಎಂಬ ಅರ್ಥದ ಮಾತನ್ನೇ ಉಪಯೋಗಿಸಿದ್ದಾರೆ. ಮರವು ಕೈಚಾಚಿ ಹಿಡುಕೊಳ್ಳುತ್ತದೆಂಬ ಭಾವವೆಂದು ತೋರುತ್ತದೆ. ಒಂದೊಂದು ಕೈಗೆ ಒಂದೊಂದು ಬೆಳ್ಳಿಯ ಗದ್ದಿಗೇಕಲ್ಲು. ಮರವು ನಮ್ಮ ಬಂಡಿಯ ಗುಂಬದ ಜಾಲಿಯ ಜಾತಿಯದೇ. ಈ 96 ಕೈಗಳಲ್ಲಿ ಗುಡಾರವು ನಿಂತ ಮೇಲೆ ಕಣ್ಣಿಗೆ ಬೀಳುವಂಥದು ಒಂದಾದರೂ ಉಂಟೋ? ಇಲ್ಲ. ಹಲಗೆಗಳ ಮೇಲೆ ಬಂಗಾರ, ಬಂಗಾರದ ಮೇಲೆ ಪರದೆಗಳು, ಪರದೆಗಳ ಮೇಲೆ ತೊಗಲಿನ ಮೇಲುಹೊದಿಕೆ. ಆದರೂ ದೇವರು ಮೋಶೆಗೆ ಕಾಣುವ ಬಂಗಾರವನ್ನು ಹೇಳಿದಂತೆಯೇ ಕಾಣದ ಕೈಗಳನ್ನೂ ಎಣಿಸಿ ಹೇಳಿದನು. ಆ ಕೆಲಸಕ್ಕಾಗಿ ಬೆಚಲೇಲನನ್ನು ಆತ್ಮದಿಂದ ತುಂಬಿಸಿದಾಗ ಬಂಗಾರದ ಕೆಲಸದ ಜೊತೆಯಲ್ಲಿ ಮರಗೆಲಸವನ್ನೂ ಹೆಸರಿಸಿದನು. ಇನ್ನೊಂದನ್ನೂ ಯೋಚಿಸಿರಿ. ಆ ಗುಡಾರವನ್ನು ಪ್ರತಿಯೊಂದು ಪ್ರಯಾಣದಲ್ಲಿ ಕಳಚಿ ಮತ್ತೆ ಕೂಡಿಸಬೇಕಾಗಿತ್ತು. ಹಲಗೆಗಳನ್ನು ಹೊರುವದಕ್ಕೆ ಮೆರಾರೀಯರಿಗೆ ನಾಲ್ಕು ಬಂಡಿಗಳೂ ಎಂಟು ಎತ್ತುಗಳೂ ಕೊಡಲ್ಪಟ್ಟವೆಂದು ಅರಣ್ಯಕಾಂಡದಲ್ಲಿದೆ. ಹೀಗೆ ಮೇಲಿಂದ ಮೇಲೆ ಬಿಚ್ಚುವ ಜೋಡಣೆಯಲ್ಲಿ ಹೊಟ್ಟು, ಅಂಟುಗಳ ಉಪಾಯವು ನಡೆಯದು. ನಾಲಗೆಯು ಸರಿಯಾಗಿದ್ದರೆ ಸರಿ, ಇಲ್ಲವಾದರೆ ಮುಂದಿನ ಪಾಳೆಯದಲ್ಲಿಯೇ ಬೈಲಿಗೆ ಬೀಳುವದು.

ಆದರೆ ವೇದದ ಮಾತನ್ನು ಬಡಿಗನ ತಲೆಯ ಮೇಲೆ ಹೊರಿಸಿ ನಾವು ಉಳಿದವರು ಕೈ ತೊಳಕೊಳ್ಳುವದು ನ್ಯಾಯವಲ್ಲ. ಕಳ್ಳ ಜೋಡಣೆಯನ್ನು ಮಾಡಿಸುವವರು ಬಹುತರವಾಗಿ ನಾವೇ. ಒಂದು ಊರಿನ ಸಭೆಯವರು ತಮ್ಮ ದೇವಾಲಯಕ್ಕೆ ಬಾಂಕುಗಳನ್ನು ಮಾಡಿಸಲು ಮೂವರು ಬಡಿಗರ ಬೆಲೆಯನ್ನು ಕೇಳಿದರು. ಇಬ್ಬರು ಹೆಚ್ಚುಕಡಿಮೆ ಒಂದೇ ಬೆಲೆಯನ್ನು ಹೇಳಿದರು. ಮೂರನೆಯವನು ಅದರಲ್ಲಿ ಮುಕ್ಕಾಲು ಪಾಲಿಗೆ ಒಪ್ಪಿದನು. ಅವನೊಡನೆ ಮತ್ತೂ ಚೌಕಾಸಿ ಮಾಡಿ ಇನ್ನಷ್ಟು ಇಳಿಸಿ ಕೆಲಸ ಕೊಟ್ಟರು. ಸಭೆಯ ಹಣವನ್ನು ಉಳಿಸಿದೆವೆಂದು ಹಿರಿಯರು ಸಂತೋಷಪಟ್ಟರು. ಅವರಲ್ಲಿ ಒಬ್ಬನಾದರೂ, ಇವನು ಮರದಲ್ಲಿ ಉಳಿಸುವನೋ, ಕೂಲಿಯಲ್ಲಿ ಉಳಿಸುವನೋ, ಜೋಡಣೆಯಲ್ಲಿ ಉಳಿಸುವನೋ ಎಂದು ಕೇಳಲಿಲ್ಲ. ಯಾಕಂದರೆ ಕೇಳಿದರೆ ಉತ್ತರವು ಬರುವದೆಂದು ಅವರಿಗೆ ಗೊತ್ತಿತ್ತು. ಸುಗ್ಗಿಯ ಹಬ್ಬದ ಆರಾಧನೆಯಲ್ಲಿ ಐದು ಮಂದಿ ಹೆಂಗಸರು ಕೂತಿದ್ದ ಬಾಂಕಿನ ಕಾಲು ಕಳಚಿ ಅವರಲ್ಲಿ ಒಬ್ಬ ಮುದುಕಿಯ ಮುಂಗೈ ಮುರಿಯಿತು. ಎಲ್ಲರೂ ಬಡಿಗನನ್ನು ಬಯ್ದರು. ಅವನು ಬಯ್ಗಳಿಗೆ ಯೋಗ್ಯನೇ. ಆದರೆ ಎಷ್ಟು ಕೊಟ್ಟರೆ ಎಂಥ ನಾಲಗೆ ಬರುವದೆಂಬದನ್ನು ತಿಳಿದೂ ತಿಳಿಯದವರಂತೆ ಇದ್ದು, ಆ ಸುಳ್ಳನ್ನು ಕ್ರಯಕ್ಕೆ ಕೊಂಡವರನ್ನು ಯಾರು ಬಯ್ಯಬೇಕು?

ಇಲ್ಲಿ ಅಗ್ಗದ ಕೆಲಸವೆಂಬದನ್ನೂ ಸುಳ್ಳು ಕೆಲಸವೆಂಬದನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳತಕ್ಕದ್ದು. ಬಡವನಿಗೆ ಸಾಗುವಾನಿಯ ಬಾಗಿಲು ಕೊಳ್ಳುವ ಶಕ್ತಿಯಿಲ್ಲ. ಅವನಿಗೆ ಬೇವಿನ ಹಲಗೆಗಳನ್ನು ಅಡ್ಡಪಟ್ಟಿಗಳಿಗೆ ಮೊಳೆ ಹೊಡೆದು ಕೊಟ್ಟರೆ ಅದು ಅಗ್ಗದ ಬಾಗಿಲು, ಮತ್ತು ಸತ್ಯವಾದ ಬಾಗಿಲು. ಮೊಳೆಯ ತಲೆಗಳು ಹೊರಗೆ ಕಾಣುತ್ತವೆ. ತಾನು ಏನು ಕೊಂಡೆನೆಂದು ಬಡವನಿಗೆ ಗೊತ್ತಿದೆ. ಅದನ್ನು ಎಳೆದು ಬಡಿಯದೆ ನೋಡಿಕೊಳ್ಳುವನು. ಈಗಿನ ಹಾಳೆಮರದ ಕಪಾಟುಗಳೂ ಅಂಥವೇ. ಹಾಳೆಮರವೆಂದು ಹೇಳಿ ಮಾರಿದರೆ ಅದರಲ್ಲಿ ದೋಷವಿಲ್ಲ. ಇಂಥ ಬಾಗಿಲನ್ನು ಮಾಡುವವನನ್ನು ಕೆಲವು ಹಳೆಯ ಬಡಿಗರು ಹೀನವಾಗಿ ನೋಡುತ್ತಾರೆ. ಅದು ನಮಗೆ ಸರಿಕಾಣುವದಿಲ್ಲ. ಬಡವನ ಮನೆಗೆ ಬಾಗಿಲೇ ಇಲ್ಲದಿರುವದಕ್ಕಿಂತ ಮೊಳೆಯ ಬಾಗಿಲು ಮೇಲು. ಹಾಗಾದರೆ ಗಿರಾಕಿಯು ಮೊಳೆಯ ಬಾಗಿಲಿನ ಬೆಲೆ ಕೊಟ್ಟು ನಾಲಗೆಯ ಬಾಗಿಲನ್ನು ಕೇಳಿದರೆ ಬಡಿಗನು ಏನು ಮಾಡತಕ್ಕದ್ದು? ಈ ಹಣಕ್ಕೆ ಇದು ಆಗುವದು, ಅದು ಬೇಕಾದರೆ ಇಷ್ಟಾಗುವದು ಎಂದು ಹೇಳತಕ್ಕದ್ದು. ಅದರಿಂದ ಕೆಲಸವು ತಪ್ಪಿಹೋಗಬಹುದು. ತಪ್ಪಿಹೋಗುವದೂ ಉಂಟು. ಮಕ್ಕಳು ಹಸಿದಿರುವ ಮನೆಯಲ್ಲಿ ಈ ಮಾತನ್ನು ಹೇಳುವದು ಉಪದೇಶಪೀಠದಿಂದ ಹೇಳುವಷ್ಟು ಹಗುರವಲ್ಲವೆಂಬದನ್ನು ನಾವು ಬಲ್ಲೆವು. ಆದದರಿಂದಲೇ ಸಭೆಯ ಅನುಕೂಲಸ್ಥರು ಇಂಥ ಬಡಿಗನನ್ನು ಹುಡುಕಿ ಅವನ ಬೆಲೆಯನ್ನು ಕೊಡಲು ಬದ್ಧರಾಗಿದ್ದಾರೆ. ಒಳಗನ್ನು ನೋಡಬೇಕೆಂದಿದ್ದರೆ ಬಣ್ಣ ಬಳಿಯುವದಕ್ಕಿಂತ ಮುಂಚೆ, ಕೂಡಿಸುವ ದಿವಸ ಹೋಗಿ, ಮೊಳೆ ಬಡಿಯುವ ಮೊದಲು ಒಂದು ಜೋಡಣೆಯನ್ನು ಬಿಚ್ಚಿ ತೋರಿಸಪ್ಪಾ ಎಂದು ಕೇಳಲಿ. ಒಳ್ಳೆಯ ಬಡಿಗನಿಗೆ ಇದರಿಂದ ಸಿಟ್ಟು ಬರುವದಿಲ್ಲ. ಅವನ ಕೆಲಸದ ಆ ಭಾಗವನ್ನು ನೋಡಬಂದವನು ಅವನ ಜೀವಮಾನದಲ್ಲಿ ನೀವೊಬ್ಬರೇ ಆಗಿರಬಹುದು.

ಇನ್ನೊಂದು ಮಾತನ್ನು ನಮ್ಮವರ ಬಾಯಿಂದ ಕೇಳುತ್ತೇವೆ. ಕ್ರೈಸ್ತ ಬಡಿಗನ ಕೆಲಸವು ಬೇರೆಯವರ ಕೆಲಸಕ್ಕಿಂತ ಉತ್ತಮವಾಗಿರಲೇಬೇಕು, ಅದು ನಮ್ಮ ಸಾಕ್ಷಿ ಎಂದು. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದರು. ನಂಬಿದವರಲ್ಲಿ ಅನೇಕರು ಕುಲವನ್ನೂ ಕಸುಬನ್ನೂ ಕಳಕೊಂಡದ್ದರಿಂದ ಅವರಿಗೆ ನೆಯ್ಗೆ, ಅಚ್ಚುಕೆಲಸ ಮೊದಲಾದ ಕೈಕಸುಬುಗಳನ್ನು ಕಲಿಸಿದರು. 1865ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಅವರ ಹೆಂಚಿನ ಕಾರ್ಖಾನೆಯ ಮೂಲಕ ಮಂಗಳೂರು ಹೆಂಚು ಎಂಬ ಹೆಸರು ನಮ್ಮ ಹಳ್ಳಿಗಳ ತನಕ ಬಂತು. ಆ ಹೆಂಚುಗಳು ಬಡಿಗರನ್ನು ಪರೀಕ್ಷಿಸಿದವೆಂದರೆ ತಪ್ಪಾಗದು. ನಾಡಹೆಂಚನ್ನು ಹೇಗೆ ಬೇಕಾದರೂ ಹೊದಿಸಬಹುದು. ಇದಾದರೋ ಒಂದರ ತುಟಿಯಲ್ಲಿ ಒಂದು ಕೂತುಕೊಳ್ಳುವದು, ರೀಪುಗಳ ಅಂತರವು ತಪ್ಪಿದರೆ ಮೊದಲನೆಯ ಮಳೆಗೇ ಸೋರುವದು. ಇವೆಲ್ಲವನ್ನು ನೆನಸಿ ನಮ್ಮವರು ಹೆಮ್ಮೆಪಡುವದು ಸಹಜ. ಆದರೆ ಸಾಕ್ಷಿಯಾಗಲೆಂದು ಚೆನ್ನಾಗಿ ಮಾಡುವವನು ಕಾಣುವ ಕಡೆ ಚೆನ್ನಾಗಿ ಮಾಡುವನು, ಯಾಕಂದರೆ ಸಾಕ್ಷಿಯು ಕಾಣುವ ಕಡೆ ಇರುತ್ತದೆ. ನಮ್ಮ ಸೀಮೆಯ ಪಾಂಚಾಳರಲ್ಲಿ ಕ್ರಿಸ್ತನ ಹೆಸರನ್ನು ಹಿಡಿಯದ ಎಷ್ಟೋ ಬಡಿಗರು ಒಳಗೆಲಸದಲ್ಲಿ ನಮ್ಮವರನ್ನು ನಾಚಿಸುವಂಥವರಿದ್ದಾರೆ. ಅವರ ಉಳಿಗೆ ನಾವು ದೀಕ್ಷಾಸ್ನಾನವನ್ನು ಕೇಳುವ ಅಗತ್ಯವಿಲ್ಲ.

ನಮ್ಮ ಕರ್ತನು ತಾನೇ ಬಡಿಗನಾಗಿದ್ದನೆಂದು ಮಾರ್ಕನ 6ನೇ ಅಧ್ಯಾಯದಲ್ಲಿದೆ. ಆತನು ಏನನ್ನು ಮಾಡಿದನೆಂದು ಸುವಾರ್ತೆಗಳು ಹೇಳುವದಿಲ್ಲ. ಎರಡನೆಯ ಶತಮಾನದ ಯುಸ್ತಿನನೆಂಬ ರಕ್ತಸಾಕ್ಷಿಯು ಮಾತ್ರ, ಆತನು ನೇಗಿಲುಗಳನ್ನೂ ನೊಗಗಳನ್ನೂ ಮಾಡುತ್ತಿದ್ದನೆಂದು ಬರೆದಿದ್ದಾನೆ. ನಮ್ಮ ರೈತರಿಗೆ ಇದು ಸಂತೋಷದ ಮಾತು. ನಜರೇತಿನವರಲ್ಲಿ ಆತನ ನೊಗವನ್ನು ಹೂಡಿದವರು ಯಾರೋ ಇದ್ದರು. ಅವರೇ ಒಂದು ದಿವಸ ಸಭಾಮಂದಿರದಲ್ಲಿ ಆತನ ಬೋಧನೆಯನ್ನು ಕೇಳಿ, ಇವನು ಆ ಬಡಿಗನಲ್ಲವೇ ಎಂದು ತಾತ್ಸಾರಮಾಡಿದರು. ಆತನ ಬೋಧನೆಯಲ್ಲಿ ತಪ್ಪು ಹುಡುಕಿದವರು ಆತನ ನೊಗವು ಎತ್ತಿನ ಹೆಗಲನ್ನು ಕೊರೆಯಿತೆಂದು ದೂರಿದ್ದನ್ನು ನಾವು ಎಲ್ಲಿಯೂ ಓದುವದಿಲ್ಲ.

ಕಡೆಗೆ ಒಂದು ಕಠಿಣವಾದ ಸಂಗತಿಯನ್ನು ಬರೆದು ನಿಲ್ಲಿಸುತ್ತೇವೆ. ಒಬ್ಬ ಬಡಿಗನು ದೇವರ ವಾಕ್ಯದಿಂದ ಮನಸ್ಸಿನಲ್ಲಿ ಚುಚ್ಚಲ್ಪಟ್ಟು ಕಳ್ಳ ಜೋಡಣೆಯನ್ನು ಬಿಟ್ಟುಬಿಟ್ಟನೆನ್ನೋಣ. ಹಿಂದೆ ಮಾಡಿ ಮಾರಿದವುಗಳ ಗತಿಯೇನು? ಹತ್ತು ವರುಷಗಳಲ್ಲಿ ನೂರಾರು ಬಾಗಿಲು, ಮಂಚ, ಏಣಿ, ತೊಟ್ಟಿಲುಗಳು ನಾಲ್ಕಾರು ಊರುಗಳಲ್ಲಿ ಹರಡಿವೆ. ಜಕ್ಕಾಯನು ನಾಲ್ಕರಷ್ಟು ಹಿಂದಕ್ಕೆ ಕೊಡುವೆನೆಂದನು, ಅವನು ಹಣವಂತನು. ಬಡಿಗನು ಎಲ್ಲಿಂದ ಕೊಟ್ಟಾನು? ಪಶ್ಚಾತ್ತಾಪಪಟ್ಟ ಮೇಲೆ ಹಳೆಯದೆಲ್ಲಾ ಅಳಿದುಹೋಯಿತೆಂದು ಹೇಳುವವರುಂಟು. ಪಾಪದ ಲೆಕ್ಕವು ಅಳಿದಿರಬಹುದು, ಅಟ್ಟಕ್ಕೆ ಹಾಕಿದ ಏಣಿಯ ಮೆಟ್ಟಲೊಳಗಿನ ಹೊಟ್ಟು ಅಳಿದಿಲ್ಲ. ನಮ್ಮ ಅಭಿಪ್ರಾಯವೇನಂದರೆ, ಮುರಿದರೆ ಮನುಷ್ಯನಿಗೆ ಪೆಟ್ಟಾಗುವಂಥವುಗಳನ್ನು, ಅಂದರೆ ಏಣಿ, ತೊಟ್ಟಿಲು, ಅಟ್ಟದ ತೊಲೆ, ಮಾಡಿನ ಕೈಮರ ಇವುಗಳನ್ನು ಅವನು ಕರೆಯದಿದ್ದರೂ ಹೋಗಿ, ಮಳೆಗಾಲಕ್ಕೆ ಮುಂಚೆ, ತನ್ನ ಮರದಿಂದ ತಾನೇ ತಿದ್ದತಕ್ಕದ್ದು. ಕಪಾಟು, ಪೆಟ್ಟಿಗೆ, ಕಿಡಕಿಗಳು ಸಡಿಲವಾಗಿ ತಿರುಗಿ ಬಂದಾಗ ಕೂಲಿ ತೆಗೆದುಕೊಳ್ಳದೆ ತಿದ್ದಿದರೆ ಸಾಕು. ಏಣಿಯನ್ನು ತಿದ್ದಲು ಹೋದವನು ಮನೆಯವರಿಗೆ ಏನು ಹೇಳಬೇಕು? ಮರವು ಹಳೆಯದಾಯಿತು ಎನ್ನಬಹುದೋ? ಕೂಡದೆಂದು ನಮಗೆ ತೋರುತ್ತದೆ. ಒಳಗಿನ ಸುಳ್ಳನ್ನು ತೆಗೆಯಬಂದವನು ಬಾಗಿಲಲ್ಲಿ ಇನ್ನೊಂದನ್ನು ಹೇಳಿ ಹೊಗಬಾರದು. ಹೀಗೆ ಹೇಳಿದರೆ ಅವನ ಗಿರಾಕಿಗಳೆಲ್ಲಾ ಹೋಗಿ ಮನೆಯೇ ಹಾಳಾಗುವದು, ಸುಮ್ಮನೆ ತಿದ್ದಿ ಬಂದರೆ ಸಾಕು ಎಂದು ಸಭಾಪಾಲಕರಲ್ಲಿ ಕೆಲವರು ನಮ್ಮೊಡನೆ ವಾದಿಸಿದ್ದಾರೆ, ಮತ್ತು ಅವರ ಮಾತನ್ನು ನಾವು ತಳ್ಳಿಹಾಕಲಾರೆವು. ಮರಗೆಲಸ ಬಲ್ಲ ಓದುಗರು ಈ ವಿಷಯದಲ್ಲಿ ತಮಗೆ ತೋರಿದ್ದನ್ನು ಸಂಪಾದಕರಿಗೆ ಬರೆಯಲಿ. ಅಷ್ಟರಲ್ಲಿ ಯಾರ ಮನೆಯ ಅಟ್ಟಕ್ಕೆ ಅಂಥ ಏಣಿ ಇದೆಯೋ ಅದು ಇವತ್ತೂ ಅಲ್ಲಿಯೇ ಒರಗಿ ನಿಂತಿದೆ.